ನಮ್ಮೂರ ಶಾಲೆಯ ಲೆಕ್ಕವನ್ನೂ ಓದಲು ಕಲಿಯೋಣ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಕೆಲಸ ಬಿಟ್ಟು, ಕೆಲವರು ಮಗುವನ್ನು ಎತ್ತಿಕೊಂಡು ಬಂದಿದ್ದೀರಿ. ಇವತ್ತು ನಾವು ಉಳಿತಾಯ, ಬಡ್ಡಿ, ಬ್ಯಾಂಕ್ ಲಿಂಕೇಜ್ ಬಗ್ಗೆ ಮಾತಾಡೋದಿಲ್ಲ. ಆದರೆ ಮಾತು ಶುರುವಾಗೋದು ನಿಮ್ಮ ಸಾಲದ ಪುಸ್ತಕದಿಂದಲೇ. ಮೇ, ಜೂನ್ ತಿಂಗಳ ಪುಟ ತೆಗೆದು ನೋಡಿ. ಸಾಲದ ಉದ್ದೇಶ ಎಂಬಲ್ಲಿ 'ಶಾಲೆ ಫೀಸು', 'ವ್ಯಾನ್ ಬಾಡಿಗೆ' ಅಂತ ಎಷ್ಟು ಸಲ ಬರೆದಿದೆ? ಹಸು ತರಲು ಸಾಲ ಕೇಳಿದರೆ ಎಷ್ಟನೇ ಸೂಲು, ಎಷ್ಟು ಲೀಟರ್ ಹಾಲು ಅಂತ ಹತ್ತು ಪ್ರಶ್ನೆ ಕೇಳ್ತೀವಿ. ಫೀಸಿಗೆ ಕೇಳಿದರೆ ಮಾತ್ರ ಯಾರೂ ಏನೂ ಕೇಳೋದಿಲ್ಲ. "ಸರ್ಕಾರಿ ಶಾಲೇಲಿ ಮಕ್ಕಳೇ ಇಲ್ಲ ಸಿಸ್ಟರ್, ಅಲ್ಲಿ ಏನು ಕಲೀತಾವೆ?" ಅನ್ನೋ ಒಂದೇ ಮಾತಿಗೆ ಎಲ್ಲರೂ ಸಹಿ ಹಾಕ್ತೀವಿ.

ಈ ತಪ್ಪು ನಮ್ಮಿಂದಲೂ ಆಗಿದೆ. ಒಂದು ಹಳ್ಳಿಯ ಸಂಘದ ಸಭೆಯಲ್ಲಿ, ಅಲ್ಲಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 33 ಮಕ್ಕಳು ಮಾತ್ರ ಇದ್ದಾರೆ ಎಂದು ಕೇಳಿ, "ಹೀಗಾದರೆ ಈ ಶಾಲೆ ಹೆಚ್ಚು ದಿನ ಉಳಿಯೋದಿಲ್ಲ" ಎಂದು ನಾವೇ ಬಾಯಿಬಿಟ್ಟು ಹೇಳಿದೆವು. ಮಾತು ಊರೆಲ್ಲ ಓಡಿತು. ಆ ಜೂನ್‌ನಲ್ಲಿ ನಾಲ್ಕು ಮಕ್ಕಳು ಪೇಟೆಯ ಶಾಲೆಯ ವ್ಯಾನ್ ಹತ್ತಿದರು. ಉಳಿದವರು 29. ಆ ನಾಲ್ವರ ಜೊತೆಗೆ ಇನ್ನೂ ಏನು ಹೋಯಿತು ಎಂಬುದು ನಮಗೆ ಗೊತ್ತಾದದ್ದು ಆಮೇಲೆ.

ಮಕ್ಕಳು ಕಡಿಮೆ ಇದ್ದರೆ ಶಾಲೆ ಕೆಟ್ಟದ್ದೇ?

ಆಮೇಲೆ ಅದೇ ಸಂಘದ ಅಕ್ಕಂದಿರ ಜೊತೆ ಮನೆಮನೆಗೆ ಹೋಗಿ ಎಣಿಸಿದೆವು. ಊರಿನಲ್ಲಿ 6ರಿಂದ 10 ವರ್ಷದ ಮಕ್ಕಳೇ ಒಟ್ಟು 38. ನಾವು ಆ ಮಾತು ಆಡಿದ ದಿನ ಅವರಲ್ಲಿ 33 ಮಕ್ಕಳು ಅಲ್ಲೇ ಓದುತ್ತಿದ್ದರು. ಅಂದರೆ ನೂರಕ್ಕೆ 87 ಮಕ್ಕಳು ಆ ಶಾಲೆಯನ್ನು ನಂಬಿದ್ದರು! ಶಾಲೆ ಸೊರಗಿರಲಿಲ್ಲ, ಊರಿನಲ್ಲಿ ಮಕ್ಕಳೇ ಕಡಿಮೆಯಾಗಿದ್ದರು.

ಇದು ಒಂದು ಊರಿನ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ನಮ್ಮ ಅಮ್ಮಂದಿರ ಕಾಲದ ಐದು, ಆರು ಮಕ್ಕಳ ಮನೆ ಈಗ ಎಲ್ಲಿದೆ? ಹಾಗಾಗಿ ಬರೀ ದಾಖಲಾತಿ ನೋಡಿ ತೀರ್ಪು ಕೊಡಬೇಡಿ. ಊರಿನಲ್ಲಿ ಎಷ್ಟು ಮಕ್ಕಳು, ಅವರಲ್ಲಿ ನಮ್ಮ ಶಾಲೆಗೆ ಎಷ್ಟು ಮಂದಿ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 38ರಲ್ಲಿ 33 ಒಂದು ಕಥೆ ಹೇಳುತ್ತದೆ, 120ರಲ್ಲಿ 33 ಬೇರೆಯೇ ಕಥೆ. ಎರಡನೆಯದಾದರೆ ಮಕ್ಕಳು ಯಾಕೆ ಬಿಟ್ಟರು ಎಂದು ಕೇಳಲೇಬೇಕು.

ಹಣ ಮಕ್ಕಳ ಸಂಖ್ಯೆಯ ಹಿಂದೆ ಬರುತ್ತದೆ

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರತಿ ಸರ್ಕಾರಿ ಶಾಲೆಗೆ ವಾರ್ಷಿಕ ಶಾಲಾ ಅನುದಾನವಿದೆ. ಕರೆಂಟ್ ಬಿಲ್, ಕುಡಿಯುವ ನೀರು, ಸಣ್ಣಪುಟ್ಟ ರಿಪೇರಿ ಎಲ್ಲ ಇದರಲ್ಲೇ ನಡೆಯಬೇಕು. ಕನಿಷ್ಠ ನೂರಕ್ಕೆ ಹತ್ತು ಭಾಗ ಸ್ವಚ್ಛತೆಗೆ ಖರ್ಚಾಗಬೇಕು. 2021ರಲ್ಲಿ ಪರಿಷ್ಕರಿಸಿ 2025-26ರವರೆಗಿನ ಅವಧಿಗೆ ಮಾಡಿದ ನಿಯಮದಲ್ಲಿ 1ರಿಂದ 30 ಮಕ್ಕಳಿರುವ ಶಾಲೆಗೆ 10,000 ರೂಪಾಯಿ, 31ರಿಂದ 100 ಮಕ್ಕಳಿಗೆ 25,000, 101ರಿಂದ 250 ಮಕ್ಕಳಿಗೆ 50,000 ಎಂದು ನಿಗದಿಯಾಗಿತ್ತು.

ಈಗ ನಮ್ಮ ಆ ಊರಿನ ಲೆಕ್ಕ ಮಾಡಿ. 33 ಇದ್ದಾಗ 25,000. 29 ಆದಾಗ 10,000. ನಾಲ್ಕು ಮಕ್ಕಳು ಹೋದದ್ದಕ್ಕೆ ಶಾಲೆಯ ಪಾಲಿನಿಂದ ವರ್ಷಕ್ಕೆ 15,000 ರೂಪಾಯಿ ಕಡಿತ. ಆದರೆ ಕರೆಂಟ್ ಬಿಲ್ ಕಡಿಮೆಯಾಗಲಿಲ್ಲ, ಶೌಚಾಲಯದ ಬಾಗಿಲು ತಾನೇ ರಿಪೇರಿ ಆಗಲಿಲ್ಲ. ಉಳಿದ 29 ಮಕ್ಕಳು ಯಾರು? ವ್ಯಾನ್ ಬಾಡಿಗೆ ಕೊಡಲಾಗದ ಕೂಲಿಯವರ ಮನೆಯ ಮಕ್ಕಳು. ನಾವು ಯೋಚಿಸದೆ ಆಡಿದ ಮಾತಿನ ಬೆಲೆ ಅವರು ಕೊಟ್ಟರು.

ಇನ್ನೊಂದು ಎಚ್ಚರಿಕೆ. ಹಣವನ್ನು ಮಕ್ಕಳ ತಲೆಗೆ ಹಂಚಿ ನೋಡಿದರೆ ಮೋಸ ಹೋಗ್ತೀವಿ. 5 ಮಕ್ಕಳ ಶಾಲೆಯಲ್ಲಿ ತಲೆಗೆ 2,000 ರೂಪಾಯಿ ಬೀಳುತ್ತದೆ, 100 ಮಕ್ಕಳ ಶಾಲೆಯಲ್ಲಿ 250. ಹಾಗಂತ ಚಿಕ್ಕ ಶಾಲೆ ಶ್ರೀಮಂತ ಶಾಲೆಯೇ? ಅಲ್ಲ. ಹೊಲಿಗೆ ಯಂತ್ರವನ್ನು ಐದು ಜನ ಸೇರಿ ಕೊಂಡರೂ ಇಪ್ಪತ್ತು ಜನ ಸೇರಿ ಕೊಂಡರೂ ಯಂತ್ರದ ಬೆಲೆ ಒಂದೇ. "ಒಂದು ಮಗುವಿಗೆ ಇಷ್ಟೊಂದು ಖರ್ಚು" ಎಂದು ಯಾರಾದರೂ ಹೇಳಿದರೆ ಈ ಹೊಲಿಗೆ ಯಂತ್ರ ನೆನಪಿರಲಿ.

ಶಿಕ್ಷಕರು ಎಷ್ಟು, ತರಗತಿಗಳು ಎಷ್ಟು?

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರಂತೆ 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು ಇರಬೇಕು. 29 ಮಕ್ಕಳಿಗೆ ಇಬ್ಬರು ಅಂದರೆ ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದ ದಿನ ಐದು ತರಗತಿಗೆ ಒಬ್ಬರೇ. ಹಾಗಾಗಿ ಕೇಳಬೇಕಾದದ್ದು 'ಎಷ್ಟು ಹುದ್ದೆ' ಎಂದು ಮಾತ್ರವಲ್ಲ, 'ಕಳೆದ ತಿಂಗಳು ಇಬ್ಬರೂ ಇದ್ದ ದಿನ ಎಷ್ಟು' ಎಂದು.

ಹೆಸರು ಬೇರೆ, ಹಾಜರಿ ಬೇರೆ

ನಮ್ಮ ಸಂಘದಲ್ಲಿ 20 ಹೆಸರಿದ್ದು ಸಭೆಗೆ 12 ಜನ ಬಂದರೆ ಆ ಸಂಘ ಹೇಗಿದೆ ಎಂದು ನಿಮಗೆ ಗೊತ್ತು. ಶಾಲೆಯೂ ಹಾಗೇ. ದಿನದ ಹಾಜರಿ ತಿಳಿಯಲು ಬಿಸಿಯೂಟದ ಪುಸ್ತಕ ನೋಡಿ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿಯ ಲೆಕ್ಕ. 29 ಮಕ್ಕಳು ಬಂದರೆ 2 ಕಿಲೋ 900 ಗ್ರಾಂ. ಅಡುಗೆ ಮಾಡುವ ಅಕ್ಕ ನಮ್ಮ ಸಂಘದಲ್ಲೇ ಇರಬಹುದು, ಅವರನ್ನು ಕೇಳಿದರೆ ಸೋಮವಾರ ಎಷ್ಟು ಮಂದಿ, ಸಂತೆಯ ದಿನ ಎಷ್ಟು ಮಂದಿ ಎಂದು ಬಾಯಲ್ಲೇ ಹೇಳ್ತಾರೆ.

ಇಷ್ಟೆಲ್ಲ ಅಂಕಿ ನೋಡಿದರೂ ಮಗು ಕಲಿಯುತ್ತಿದೆಯೇ ಎಂಬುದು ಅದರಲ್ಲಿ ಸಿಗೋದಿಲ್ಲ. ಅದಕ್ಕೆ ಮಗುವನ್ನೇ ಕೂರಿಸಿಕೊಳ್ಳಬೇಕು. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯಲ್ಲಿ ಮಾಡುವುದೂ ಇಷ್ಟೇ. ಎರಡನೇ ತರಗತಿ ಮಟ್ಟದ ಚಿಕ್ಕ ಕಥೆ ಓದಿಸುತ್ತಾರೆ, ಒಂದು ಕಳೆಯುವ ಲೆಕ್ಕ ಕೊಡುತ್ತಾರೆ. ಐದನೇ ತರಗತಿಯ ಮಗು ಅದನ್ನು ಓದಲಾಗದಿದ್ದರೆ, ಶಾಲೆ ನಮ್ಮೂರದ್ದು ಎಂಬ ಅಭಿಮಾನಕ್ಕೆ ಸುಮ್ಮನಿರಬಾರದು. ವ್ಯಾನ್ ಹತ್ತುವ ಮಗುವಿಗೂ ಇದೇ ಪರೀಕ್ಷೆ ಮಾಡಿ. ಫೀಸು ಕೊಟ್ಟ ಮಾತ್ರಕ್ಕೆ ಓದು ಬಂದಿರುತ್ತದೆ ಎಂದು ತಿಳಿಯಬೇಡಿ.

ನಾವು ಏನು ಮಾಡಬಹುದು?

ಮುಂದಿನ ಮಾಸಿಕ ಸಭೆಗೆ ಮುಂಚೆ ಪ್ರತಿ ಸಂಘವೂ ನಾಲ್ಕು ಕೆಲಸ ಮಾಡಿ ಬನ್ನಿ.

1. ಅಂಗನವಾಡಿ ಕಾರ್ಯಕರ್ತೆಯ ಸಹಾಯ ಪಡೆದು ಊರಿನ 6ರಿಂದ 10 ವರ್ಷದ ಮಕ್ಕಳ ಪಟ್ಟಿ ಮಾಡಿ. ಯಾರು ಯಾವ ಶಾಲೆ ಎಂದು ಬರೆಯಿರಿ.

2. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಅದನ್ನು ಮುಖ್ಯ ಶಿಕ್ಷಕರಿಂದ ಕೇಳಿ ಪಡೆಯಿರಿ. ಮೊಬೈಲ್ ಬಲ್ಲ ಮಗಳಿಂದ ಶಾಲೆಯ ವರದಿ ತೆಗೆಸಿ, ಸರ್ಕಾರಕ್ಕೆ ಕೊಟ್ಟ ಅಂಕಿ ಕಣ್ಣಿಗೆ ಕಾಣುವುದಕ್ಕೆ ಹೊಂದುತ್ತದೆಯೇ ನೋಡಿ.

3. ಎಸ್‌ಡಿಎಂಸಿ ಸಭೆಗೆ ಹೋಗಿ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅನುದಾನ ಯಾವ ತಿಂಗಳು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ವಿನಯದಿಂದಲೇ ಕೇಳಿ. ಲೆಕ್ಕ ಓದದೆ ಸಹಿ ಮಾತ್ರ ಹಾಕಬೇಡಿ.

4. ಉತ್ತರ ಸಿಗದಿದ್ದರೆ ಜಗಳ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ.

ಸಹೋದರಿಯರೇ, ಮಗುವನ್ನು ಯಾವ ಶಾಲೆಗೆ ಕಳಿಸಬೇಕು ಎಂದು ಹೇಳಲು ನಾವು ಬಂದಿಲ್ಲ. ಅದು ತಾಯಿಯ ಹಕ್ಕು. ಆದರೆ ಲೆಕ್ಕ ನೋಡಿ ತೀರ್ಮಾನ ಮಾಡಿ, ಕೇಳಿದ ಮಾತಿನ ಮೇಲೆ ಬೇಡ. ಹೆಬ್ಬೆಟ್ಟು ಒತ್ತುತ್ತಿದ್ದ ಕೈಗಳು ಇವತ್ತು ಲಕ್ಷಗಟ್ಟಲೆ ಸಾಲದ ಲೆಕ್ಕ ಬರೆಯುತ್ತಿವೆ. ಶಾಲೆಯ ಲೆಕ್ಕ ಅದಕ್ಕಿಂತ ಕಷ್ಟದ್ದೇನಲ್ಲ.

ಆ ಊರಿನಲ್ಲಿ ಈಗ ನಮ್ಮ ಸಂಘದ ಇಬ್ಬರು ಎಸ್‌ಡಿಎಂಸಿಯಲ್ಲಿದ್ದಾರೆ. ಕಳೆದ ಜೂನ್‌ನಲ್ಲಿ ಮನೆಮನೆಗೆ ಹೋಗಿ ಮೂರು ಮಕ್ಕಳನ್ನು ಸೇರಿಸಿದರು. 32 ಆಯಿತು. ಆ ಸಂಖ್ಯೆ ಹೇಳುವಾಗ ಅವರ ಮುಖ ನೋಡಬೇಕಿತ್ತು.