ಸದ್ದಿಲ್ಲದೆ ಜಾರುವ ಕೀಲು

ನಮ್ಮ ಕಡೆಯ ತಾಯಂದಿರು ಕೂಸನ್ನು ಎತ್ತಿಕೊಳ್ಳುವ ರೀತಿಯನ್ನು ನೀವೆಲ್ಲ ಬಲ್ಲಿರಿ. ಕೂಸಿನ ಎರಡು ಕಾಲುಗಳೂ ತಾಯಿಯ ಸೊಂಟವನ್ನು ಬಳಸಿಕೊಂಡಿರುತ್ತವೆ. ಅವಳ ಒಂದು ಕೈ ಕೂಸಿಗೆ, ಇನ್ನೊಂದು ಕೈ ಮನೆಗೆಲಸಕ್ಕೆ. ಆದರೆ ಕೆಲವು ಮಕ್ಕಳು ಹೀಗೆ ಕುಳಿತುಕೊಳ್ಳಲಾರವು. ಕಾಲು ಅಗಲಿಸಹೋದರೆ ತೊಡೆಗಳು ಕತ್ತರಿಯ ಅಲಗುಗಳಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತವೆ. ಸೆರೆಬ್ರಲ್ ಪಾಲ್ಸಿ, ಎಂದರೆ ಮಿದುಳಿನ ಪಾರ್ಶ್ವವಾಯು ಇರುವ ಅನೇಕ ಮಕ್ಕಳ ಸ್ಥಿತಿ ಇದು. ಈ ಮಕ್ಕಳ ಸೊಂಟದ ಕೀಲಿಗೆ ಒದಗುವ ಕೇಡನ್ನೂ, ಶಸ್ತ್ರಚಿಕಿತ್ಸೆಯಿಂದ ಅದಕ್ಕೆ ದೊರೆಯಬಹುದಾದ ಪರಿಹಾರವನ್ನೂ ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಷ್ಟದ ಹೆರಿಗೆ, ಅವಧಿಗೆ ಮುಂಚಿನ ಜನನ, ಹುಟ್ಟುವಾಗ ಉಸಿರುಗಟ್ಟುವುದು, ಇವುಗಳಿಗೂ ಕೈಕಾಲುಗಳ ಬಿಗಿತಕ್ಕೂ ಇರುವ ಸಂಬಂಧವನ್ನು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ ೧೮೬೨ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದನು. ಆತನ ಪಾದವೇ ಬಾಲ್ಯದಿಂದ ಸೊಟ್ಟಗಾಗಿದ್ದು, ಜರ್ಮನಿಯಲ್ಲಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯನ ಕೈಯಲ್ಲಿ ನೆಟ್ಟಗಾಗಿತ್ತು. ಬಹುಕಾಲ ಈ ವ್ಯಾಧಿಗೆ ಲಿಟ್ಲನ ಹೆಸರೇ ನಡೆದುಬಂದಿತು. ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಮಿದುಳಿಗೆ ಆದ ಪೆಟ್ಟು ಒಮ್ಮೆ ಆಗಿ ನಿಂತುಹೋದದ್ದು, ಅದು ಬೆಳೆಯುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಬೆಳೆಯುವ ಎಲುಬಿನ ಮೇಲೆ ಆ ಪೆಟ್ಟಿನ ಪರಿಣಾಮವೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ.

ಸೊಂಟದ ಕೀಲು ಎಂದರೆ ಬಟ್ಟಲಿನಲ್ಲಿ ಕುಳಿತ ಗುಂಡು. ತೊಡೆಮೂಳೆಯ ತಲೆ ಗುಂಡು, ಕಟಿಮೂಳೆಯ ಕುಳಿ ಬಟ್ಟಲು. ಈ ಮಕ್ಕಳು ಹುಟ್ಟುವಾಗ ಕೀಲು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಮಗು ನಿಂತು ನಡೆದಂತೆಲ್ಲ ಗುಂಡು ಒತ್ತಿ ಒತ್ತಿ ಬಟ್ಟಲು ಆಳವಾಗಬೇಕು, ತೊಡೆಮೂಳೆಯ ಹುಟ್ಟುತಿರುಚು ಬಿಚ್ಚಿಕೊಳ್ಳಬೇಕು. ನಡೆಯದ ಮಗುವಿಗೆ ಇವೆರಡೂ ಕೈಗೂಡುವುದಿಲ್ಲ. ಮೇಲಾಗಿ ಒಳತೊಡೆಯ ಮತ್ತು ತೊಡೆಯನ್ನು ಮಡಿಸುವ ಸ್ನಾಯುಗಳು ಬಿಗಿದು ಹಗಲಿರುಳೂ ಎಳೆಯುತ್ತಿರುತ್ತವೆ. ಗುಂಡು ಎಳ್ಳೆಳ್ಳಷ್ಟೇ ಹೊರಕ್ಕೆ ಸರಿಯುತ್ತದೆ. ಮೊದಮೊದಲು ನೋವಿಲ್ಲ, ಸದ್ದಿಲ್ಲ. ಮುಂದೆ ನೋವು ಬಂದಾಗಲೂ ಅದನ್ನು ಹೇಳಿಕೊಳ್ಳುವ ಮಾತು ಎಷ್ಟೋ ಮಕ್ಕಳಿಗೆ ಇರುವುದಿಲ್ಲ.

ಹಾಗಾದರೆ ತಿಳಿಯುವ ಬಗೆ ಯಾವುದು? ಕ್ಷಕಿರಣದ ಚಿತ್ರವೊಂದೇ. ಗುಂಡಿನಲ್ಲಿ ನೂರಕ್ಕೆ ಎಷ್ಟು ಪಾಲು ಬಟ್ಟಲಿನ ಮಾಡಿನಿಂದ ಹೊರಗಿದೆ ಎಂದು ಅಳೆಯುವ ಕ್ರಮವನ್ನು ರೈಮರ್ಸ್ ಎಂಬ ವೈದ್ಯರು ೧೯೮೦ರಲ್ಲಿ ವಿವರಿಸಿದರು. ಅದು ೩೦ನ್ನು ದಾಟಿದರೆ ಎಚ್ಚರ ವಹಿಸಬೇಕು. ೧೦೦ ಆದರೆ ಕೀಲು ಪೂರ್ತಿ ತಪ್ಪಿದಂತೆ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಮಕ್ಕಳನ್ನು ಕುರಿತು ೨೦೦೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರರಲ್ಲಿ ಸುಮಾರು ೩೫ ಮಕ್ಕಳ ಕೀಲು ಹೀಗೆ ಸರಿದಿತ್ತು. ಚೆನ್ನಾಗಿ ನಡೆಯಬಲ್ಲ ಮಕ್ಕಳಲ್ಲಿ ಅದು ಕಾಣಲೇ ಇಲ್ಲ. ತಲೆಯನ್ನು ನಿಲ್ಲಿಸಲೂ ಕಷ್ಟಪಡುವ ಮಕ್ಕಳಲ್ಲಿ ನೂರಕ್ಕೆ ೯೦ರಷ್ಟಿತ್ತು.

ಚಿಕಿತ್ಸೆ ಮೂರು ಮೆಟ್ಟಿಲುಗಳದು. ಎಳೆಯ ವಯಸ್ಸಿನಲ್ಲಿ, ಕೀಲು ಸ್ವಲ್ಪವೇ ಸರಿದಿರುವಾಗ, ಬಿಗಿದ ಸ್ನಾಯುಗಳ ಕಂಡರವನ್ನು ಬಿಡಿಸಿ ಉದ್ದಮಾಡುತ್ತಾರೆ. ಇದು ಚಿಕ್ಕ ಶಸ್ತ್ರಕ್ರಿಯೆ. ಆದರೆ ಹಲವರಲ್ಲಿ ಕೀಲು ಮತ್ತೆ ಸರಿಯುತ್ತದೆ. ಹೆಚ್ಚು ಸರಿದಿದ್ದರೆ ಎಲುಬಿಗೇ ಕೈಹಾಕಬೇಕು. ತೊಡೆಮೂಳೆಯನ್ನು ಕತ್ತರಿಸಿ, ತಿರುಚನ್ನು ನೇರ್ಪಡಿಸಿ, ಗುಂಡನ್ನು ಬಟ್ಟಲಿಗೆ ಮುಖಮಾಡಿ ಲೋಹದ ಪಟ್ಟಿಯಿಂದ ಬಂಧಿಸುತ್ತಾರೆ. ಬಟ್ಟಲು ಸವೆದಿದ್ದರೆ ಅದರ ಮಾಡನ್ನು ಬಾಗಿಸಿ ಎಲುಬಿನ ತುಂಡಿನಿಂದ ಆನಿಸುತ್ತಾರೆ. ಪೋಲೆಂಡಿನ ದೇಗಾ ಅವರ ಹೆಸರು ಈ ಕ್ರಮಕ್ಕೆ ಅಂಟಿಕೊಂಡಿದೆ. ಇದನ್ನೂ ಮೀರಿ ಕೀಲು ಕೆಟ್ಟಿದ್ದರೆ, ಗುಂಡನ್ನೇ ತೆಗೆದುಹಾಕುವಂಥ, ನೋವು ಇಳಿಸುವ ಉಪಾಯಗಳಷ್ಟೇ ಉಳಿಯುತ್ತವೆ.

ಈಗ ತಂದೆಯೊಬ್ಬರು ನನ್ನನ್ನು ಕೇಳಿದ ಪ್ರಶ್ನೆಗೆ ಬರುತ್ತೇನೆ. “ಹೇಗಿದ್ದರೂ ಇವಳು ನಡೆಯುವವಳಲ್ಲ. ಕೊಯ್ದು ನೋಯಿಸುವುದೇಕೆ?” ಅವರದು ಅಸಡ್ಡೆಯಲ್ಲ, ಮರುಕ. ಈ ಪ್ರಶ್ನೆಯನ್ನು ಹಗುರಾಗಿ ಕಾಣಲಾಗದು. ಎಲುಬಿನ ಶಸ್ತ್ರಕ್ರಿಯೆಯಲ್ಲಿ ರಕ್ತನಷ್ಟವುಂಟು. ಅನಂತರ ವಾರಗಟ್ಟಲೆ ನೋವು, ಸ್ನಾಯುಸೆಳೆತ, ಆರೈಕೆಯ ಶ್ರಮ. ಮೂರ್ಛೆರೋಗ, ಶ್ವಾಸಕೋಶದ ದೌರ್ಬಲ್ಯ, ಅಪುಷ್ಟಿ ಇರುವ ಮಕ್ಕಳಿಗೆ ಅಪಾಯ ಹೆಚ್ಚು. ಇಷ್ಟಾಗಿಯೂ ನಡೆಯದ ಮಗು ನಡೆದೀತೆಂಬ ಭರವಸೆಯನ್ನು ಯಾರೂ ಕೊಡುವಂತಿಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟೆ: ನಡೆಯದವಳು ದಿನವೆಲ್ಲ ಕೂರಬೇಕು, ರಾತ್ರಿಯೆಲ್ಲ ಮಲಗಬೇಕು. ಕೀಲು ತಪ್ಪಿದರೆ ಕೂರುವುದು ಓರೆಯಾಗುತ್ತದೆ, ನಿದ್ದೆ ಕೆಡಬಹುದು, ತೊಡೆ ಅಗಲಿಸಿ ತೊಳೆದು ಬಟ್ಟೆ ಬದಲಿಸುವುದೂ ತಾಯಿಗೂ ಮಗುವಿಗೂ ಯಾತನೆಯಾಗಬಹುದು. ಶಸ್ತ್ರಕ್ರಿಯೆ ಇವುಗಳನ್ನು ತಪ್ಪಿಸುವುದಕ್ಕಾಗಿ.

ದಕ್ಷಿಣ ಸ್ವೀಡನ್ನಿನಲ್ಲಿ ೧೯೯೪ರಿಂದ ಇಂಥ ಮಕ್ಕಳೆಲ್ಲರ ಕೀಲನ್ನು ಕಾಲಕಾಲಕ್ಕೆ ಪರೀಕ್ಷಿಸುವ ಏರ್ಪಾಡು ನಡೆದಿದೆ. ಹಿಂದೆ ಅಲ್ಲಿ ನೂರರಲ್ಲಿ ಎಂಟೊಂಬತ್ತು ಮಕ್ಕಳ ಕೀಲು ಪೂರ್ತಿ ತಪ್ಪುತ್ತಿತ್ತು. ಅನಂತರ ಅದು ಇನ್ನೂರರಲ್ಲಿ ಒಂದರ ಆಸುಪಾಸಿಗೆ ಇಳಿಯಿತು. ಹೊಸ ಶಸ್ತ್ರವೊಂದನ್ನು ಕಂಡುಹಿಡಿದು ಅವರು ಇದನ್ನು ಸಾಧಿಸಲಿಲ್ಲ. ಹೊತ್ತಿಗೆ ಸರಿಯಾಗಿ ನೋಡಿದರು, ಹೊತ್ತಿಗೆ ಸರಿಯಾಗಿ ಮಾಡಿದರು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗುವಿದ್ದರೆ, ನೋವು ಬರುವ ತನಕ ಕಾಯಬೇಡಿ. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಸೊಂಟದ ಚಿತ್ರವೊಂದನ್ನು ತೆಗೆಸಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿರಿ. ಮುಂದಿನದು ಯಾವಾಗ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿರಿ.