ಆಸ್ಪತ್ರೆಯಲ್ಲಿ ದುಡಿಯುವವರೂ ಕಾಮಗಾರರೇ

(ಮುಂಬಯಿಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ನಮ್ಮ ಸಂಘದ ಸಭೆಗಳಲ್ಲಿ ಹೋಟೆಲಿನ ಮಾತು, ಗಿರಣಿಯ ಮಾತು ಬೇಕಾದಷ್ಟು ಆಗಿದೆ. ಇಂದು ಆಸ್ಪತ್ರೆಯ ಮಾತನ್ನು ಎತ್ತಿಕೊಳ್ಳಬೇಕೆಂದು ನಾವು ನಿಶ್ಚಯಿಸಿದ್ದೇವೆ. ಹೋಟೆಲಿನವರಿಗೂ ಗಿರಣಿಯವರಿಗೂ ಇದರಿಂದೇನು ಎಂದು ಯಾರಾದರೂ ಕೇಳಬಹುದು. ತಮ್ಮ ತಮ್ಮ ಮನೆಯ ಕಡೆಗೊಮ್ಮೆ ನೋಡಿಕೊಳ್ಳಿರಿ ಎಂಬುದೇ ಅದಕ್ಕೆ ನಮ್ಮ ಉತ್ತರ. ತಂದೆ ಹೋಟೆಲಿನಲ್ಲಿ ತಟ್ಟೆ ಎತ್ತಿದವನು, ಮಗಳು ದಾದಿ. ಅಜ್ಜ ಮಗ್ಗದ ಖಾತೆಯಲ್ಲಿ ದುಡಿದವನು, ಮೊಮ್ಮಗ ವಾರ್ಡ್‌ಬಾಯ್ ಅಥವಾ ಎಕ್ಸ್‌ರೇ ಸಹಾಯಕ. ಪರೇಲಿನಲ್ಲಿ ಗಿರಣಿಗಳ ಮಗ್ಗುಲಿಗೇ 1926ರಲ್ಲಿ ಕೆ.ಇ.ಎಂ. ಆಸ್ಪತ್ರೆ ಬಂದಿತು, 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಬಂದಿತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಸ್ಪತ್ರೆಗಳು ಉಳಿದವು, ಹೊಸವೂ ಎದ್ದವು. ಗಿರಣಿಯ ಭೋಂಗಾಕ್ಕೆ ಎದ್ದು ಓಡುತ್ತಿದ್ದವರ ಮಕ್ಕಳು ಈಗ ಆಸ್ಪತ್ರೆಯ ರಾತ್ರಿಪಾಳಿಗೆ ಓಡುತ್ತಿದ್ದಾರೆ.

ಆದರೆ ಗಿರಣಿಯವನಿಗಿದ್ದ ಒಂದು ತಿಳಿವಳಿಕೆ ಅವರಲ್ಲಿ ಅನೇಕರಿಗೆ ಇಲ್ಲ. ತಾನು ಕಾಮಗಾರ, ತನಗೆ ಕಾಯಿದೆಯ ರಕ್ಷಣೆಯುಂಟು ಎಂಬುದನ್ನು ಗಿರಣಿಯವನು ಬಲ್ಲವನಾಗಿದ್ದನು. ಆಸ್ಪತ್ರೆಯವರ ಕಿವಿಯಲ್ಲಿ ಮಾತ್ರ “ಇದು ಸೇವೆ, ಸೇವೆಯಲ್ಲಿ ಲೆಕ್ಕ ಕೇಳಬಾರದು” ಎಂಬ ಮಾತನ್ನು ಊದಲಾಗಿದೆ. ಸೇವೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇವೆ ಮಾಡುವವರ ಹೊಟ್ಟೆಯೂ ಹೊಟ್ಟೆಯೇ.

ಈ ವಾದವು ಹಳೆಯದು, ಮತ್ತು ಅದರ ತೀರ್ಮಾನವಾದದ್ದು ನಮ್ಮ ಮುಂಬಯಿಯ ಮೊಕದ್ದಮೆಯಿಂದಲೇ. ಜೆ.ಜೆ. ಆಸ್ಪತ್ರೆ ಸಮೂಹದಲ್ಲಿ ವಾರ್ಡ್ ಸೇವಕಿಯರಾಗಿದ್ದ ಇಬ್ಬರನ್ನು ಕಾಯಿದೆಯಂತೆ ಕೊಡಬೇಕಾದ ಪರಿಹಾರ ಕೊಡದೆ ಕೆಲಸದಿಂದ ತೆಗೆಯಲಾಯಿತು. ಅವರ ಪರವಾಗಿ ಹಾಸ್ಪಿಟಲ್ ಮಜ್ದೂರ್ ಸಭಾ ಎಂಬ ಸಂಘವು ಹೋರಾಡಿತು. ಆಸ್ಪತ್ರೆ ಉದ್ದಿಮೆಯಲ್ಲ, ಆದುದರಿಂದ ಔದ್ಯೋಗಿಕ ವಿವಾದಗಳ ಕಾಯಿದೆ ತಮಗೆ ತಾಗದು ಎಂದು ಸರ್ಕಾರ ವಾದಿಸಿತು. 1960ರ ಜನವರಿ 29ರಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡಕರರು. 1970ರಲ್ಲಿ ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಅದೇ ಕೋರ್ಟು ಇದಕ್ಕೆ ವಿರುದ್ಧವಾಗಿ ಹೇಳಿತು. 1978ರ ಫೆಬ್ರವರಿಯಲ್ಲಿ ಬೆಂಗಳೂರು ನೀರು ಸರಬರಾಜು ಮಂಡಲಿಯ ಮೊಕದ್ದಮೆ ಬಂದಾಗ ಏಳು ನ್ಯಾಯಾಧೀಶರ ಪೀಠವು 1970ರ ತೀರ್ಪನ್ನು ರದ್ದುಮಾಡಿ 1960ರ ಮಾತನ್ನು ಮತ್ತೆ ಎತ್ತಿಹಿಡಿಯಿತು. ಇಬ್ಬರು ಬಡ ಹೆಂಗಸರ ಕೆಲಸದ ಪ್ರಶ್ನೆಯಿಂದ ಇಡೀ ದೇಶದ ಆಸ್ಪತ್ರೆ ನೌಕರರಿಗೆ ಹಕ್ಕು ಬಂದಿತು ಎಂಬುದನ್ನು ನಾವು ಮರೆಯತಕ್ಕದ್ದಲ್ಲ.

ಈಗ ಹೊಸ ಸಂಗತಿಗೆ ಬರೋಣ. 2025ರ ನವೆಂಬರ್ 21ರಿಂದ ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿದೆ. ಹಿಂದಿನ 29 ಕಾಯಿದೆಗಳ ಜಾಗಕ್ಕೆ ಇವು ಬಂದಿವೆ. ಇವುಗಳಲ್ಲಿ ಮೆಚ್ಚತಕ್ಕದ್ದೂ ಉಂಟು, ಎಚ್ಚರ ವಹಿಸತಕ್ಕದ್ದೂ ಉಂಟು.

ಮೆಚ್ಚತಕ್ಕದ್ದನ್ನು ಮೊದಲು ಹೇಳುತ್ತೇವೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ತಿಂಗಳ ಪಗಾರವು ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಪಗಾರ ಚುಕ್ತಾ ಆಗಬೇಕು. ಹೆಚ್ಚುಹೊತ್ತಿನ ಕೆಲಸಕ್ಕೆ ದುಪ್ಪಟ್ಟು ದರ. ಹೆಂಗಸರನ್ನು ರಾತ್ರಿಪಾಳಿಗೆ ಹಾಕಬೇಕಾದರೆ ಅವರ ಒಪ್ಪಿಗೆಯೂ ಬೇಕು, ಭದ್ರತೆಯ ಏರ್ಪಾಡೂ ಬೇಕು. ಮೂಲ ಪಗಾರವನ್ನು ಚಿಕ್ಕದು ಮಾಡಿ ಉಳಿದುದನ್ನೆಲ್ಲ ಭತ್ಯೆ ಎಂದು ತೋರಿಸುವ ಮಾಲಿಕರ ಹಳೆಯ ಜಾಣತನಕ್ಕೂ ಒಂದು ಕಡಿವಾಣ ಬಿದ್ದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ಪಗಾರವೆಂದೇ ಎಣಿಸಬೇಕು.

ಎಚ್ಚರ ವಹಿಸತಕ್ಕದ್ದು ಯಾವುದು? ಔದ್ಯೋಗಿಕ ಸಂಬಂಧಗಳ ಸಂಹಿತೆಯು ದಾನಧರ್ಮ, ಸಮಾಜಸೇವೆಯಲ್ಲಿ ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ತೊಡಗಿದ ಸಂಸ್ಥೆಗಳ ಆಸ್ಪತ್ರೆಗಳನ್ನು ‘ಉದ್ದಿಮೆ’ ಎಂಬ ಮಾತಿನಿಂದ ಹೊರಗಿಟ್ಟಿದೆ. ಈ ಮಾತನ್ನು ಹಿಡಿದುಕೊಂಡು, ಹೆಸರಿಗೆ ಟ್ರಸ್ಟು, ವ್ಯವಹಾರದಲ್ಲಿ ವ್ಯಾಪಾರ ಎಂಬಂತಹ ಆಸ್ಪತ್ರೆಗಳೂ ನುಣುಚಿಕೊಳ್ಳಲು ನೋಡಬಹುದು. ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿರಿ: ರಾಜ್ಯ ವಿಮೆ, ಭವಿಷ್ಯ ನಿಧಿ, ಗ್ರಾಚ್ಯುಯಿಟಿ, ಹೆರಿಗೆ ಸವಲತ್ತು ಇವು ‘ಉದ್ದಿಮೆ’ ಎಂಬ ಆ ಮಾತನ್ನು ಅವಲಂಬಿಸಿಲ್ಲ. “ನಮ್ಮದು ಧರ್ಮಾರ್ಥ ಆಸ್ಪತ್ರೆ” ಎಂದಷ್ಟೇ ಹೇಳಿ ಯಾರೂ ಇವುಗಳನ್ನು ತಪ್ಪಿಸುವಂತಿಲ್ಲ.

ಈ ನಾಲ್ಕನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ನೌಕರರ ರಾಜ್ಯ ವಿಮೆ, ನಾವು ಇ.ಎಸ್.ಐ. ಎಂದು ಕರೆಯುವುದು. 1948ರಲ್ಲಿ ಕಾಯಿದೆಯಾಗಿ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಗಳಲ್ಲಿ ಮೊದಲು ಜಾರಿಗೆ ಬಂದಿತು. ಪರೇಲಿನ ಮಹಾತ್ಮಾ ಗಾಂಧಿ ಆಸ್ಪತ್ರೆಯಲ್ಲಿ ಸಾಲು ನಿಂತ ಗಿರಣಿಯ ಹಿರಿಯರಿಗೆ ಇದರ ಪರಿಚಯ ಹೇಳಬೇಕಾದುದಿಲ್ಲ. ಮೊದಲು ಕಾರಖಾನೆಗಳಿಗಿದ್ದ ಈ ವಿಮೆಯನ್ನು ಅನೇಕ ರಾಜ್ಯಗಳು ಖಾಸಗಿ ಆಸ್ಪತ್ರೆಗಳಿಗೂ ವಿಸ್ತರಿಸಿದವು. 2017ರ ಜನವರಿಯಲ್ಲಿ ಗೊತ್ತುಮಾಡಿದ ಪಗಾರದ ಮಿತಿ 21,000 ರೂಪಾಯಿ. 2019ರ ಜುಲೈಯಿಂದ ನೌಕರನ ವಂತಿಗೆ ಶೇಕಡಾ 0.75, ಮಾಲಿಕನದು ಶೇಕಡಾ 3.25. ತಿಂಗಳಿಗೆ 16,000 ರೂಪಾಯಿ ಪಗಾರವುಳ್ಳವನು ಕೊಡುವುದು 120 ರೂಪಾಯಿ, ಮಾಲಿಕನು ಕೊಡುವುದು 520 ರೂಪಾಯಿ. ಇದಕ್ಕೆ ಪ್ರತಿಯಾಗಿ ನೌಕರನಿಗೂ ಕುಟುಂಬಕ್ಕೂ ಚಿಕಿತ್ಸೆ ದೊರೆಯುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಪಗಾರದ ಶೇಕಡಾ 70 ಸಿಗುತ್ತದೆ. ಕ್ಷಯದಂತಹ ದೀರ್ಘ ಕಾಯಿಲೆಗೆ, ಎರಡು ವರ್ಷ ಕೆಲಸ ಮಾಡಿ ವಂತಿಗೆ ಸಲ್ಲಿಸಿದವರಿಗೆ, ಶೇಕಡಾ 80ರಂತೆ ಎರಡು ವರ್ಷಗಳವರೆಗೂ ಸಿಗುವುದುಂಟು. ಕೆಲಸದ ಕಾರಣದಿಂದ ಗಾಯವಾದರೆ ಶೇಕಡಾ 90.

ಇಲ್ಲಿ ಒಂದು ಪ್ರಸಂಗವನ್ನು ಹೇಳಲೇಬೇಕು. ನಮ್ಮವಳೇ ಒಬ್ಬ ಹೆಣ್ಣುಮಗಳು, ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂತ್ರಾಟುದಾರನ ಕೈಕೆಳಗೆ ನಾಲ್ಕು ವರ್ಷ ಆಯಾ ಆಗಿ ದುಡಿದವಳು. ಪಗಾರ 14,000. ಕೆಮ್ಮು ನಿಲ್ಲಲಿಲ್ಲ, ಕಫ ಪರೀಕ್ಷೆಯಲ್ಲಿ ಕ್ಷಯವೆಂದು ಗೊತ್ತಾಯಿತು. ರೋಗಿಗಳ ಹಾಸಿಗೆ ಬದಲಿಸುತ್ತ, ಉಗುಳುಬಟ್ಟಲು ತೊಳೆಯುತ್ತ ಹತ್ತಿಸಿಕೊಂಡ ರೋಗಕ್ಕೆ ಕಂತ್ರಾಟುದಾರನು ಕೊಟ್ಟ ಔಷಧ “ನಾಳೆಯಿಂದ ಬರಬೇಡ” ಎಂಬ ಮಾತು. ಅವಳು ಊರಿಗೆ ಹೋಗಲು ಗಂಟು ಕಟ್ಟಿದ್ದಳು. ಸಂಘದವರು ಪಗಾರದ ಚೀಟಿ ತರಿಸಿ ನೋಡಿದರೆ ತಿಂಗಳು ತಿಂಗಳೂ 105 ರೂಪಾಯಿ ಇ.ಎಸ್.ಐ.ಗೆ ಮುರಿದುಕೊಂಡದ್ದು ಅದರಲ್ಲೇ ಇದೆ! ಇ.ಎಸ್.ಐ. ವೈದ್ಯರ ಪ್ರಮಾಣಪತ್ರವಾದ ಮೇಲೆ ತಿಂಗಳಿಗೆ ಸುಮಾರು 11,200 ರೂಪಾಯಿ ಬರಲಾರಂಭಿಸಿತು, ಔಷಧವೂ ಸಿಕ್ಕಿತು. ಕೆಲಸದ ಪ್ರಶ್ನೆ ಇನ್ನೂ ತೀರಿಲ್ಲ. ಅದನ್ನು ನಾವು ಬಿಟ್ಟಿಲ್ಲ. ಆದರೆ ನಾಲ್ಕು ವರ್ಷ ತನ್ನ ಪಗಾರದಿಂದಲೇ ಹಣ ಹೋಗುತ್ತಿದ್ದುದು ಏತಕ್ಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ ಅಲ್ಲವೇ?

ಇದಕ್ಕಿಂತ ಹೆಚ್ಚಿನ ಇನ್ನೊಂದು ಮಾತು. 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ವೃತ್ತಿರೋಗಗಳ ಪಟ್ಟಿಯಿತ್ತು. ಅದರ ಮೊಟ್ಟಮೊದಲ ಸಾಲೇ ಸೋಂಕುರೋಗಗಳದು. ಆರೋಗ್ಯದ ಕೆಲಸ ಮತ್ತು ಪ್ರಯೋಗಶಾಲೆಯ ಕೆಲಸ ಮಾಡುವವರಿಗೆ ಕೆಲಸದಿಂದ ಹತ್ತುವ ರೋಗ. ಹೊಸ ಸಂಹಿತೆಯಲ್ಲಿಯೂ ಈ ಪಟ್ಟಿ ಉಳಿದುಬಂದಿದೆ. ಎಂದರೆ ವಾರ್ಡಿನಲ್ಲಿ ಹತ್ತಿದ ರೋಗವು ಹಣೆಬರಹವಲ್ಲ; ಗಿರಣಿಯ ಯಂತ್ರಕ್ಕೆ ಸಿಕ್ಕಿದ ಬೆರಳಿನಂತೆ ಅದೂ ಕೆಲಸದ ಗಾಯವೇ.

ಸೂಜಿ ಚುಚ್ಚುವುದನ್ನೂ ಇದರ ಜೊತೆಗೆ ಹೇಳಿಬಿಡುತ್ತೇವೆ. ಕಸ ಎತ್ತುವವರಿಗೆ, ಬಟ್ಟೆ ಒಗೆಯುವವರಿಗೆ ಚುಚ್ಚಿದ ಸೂಜಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಇಂತಹ ಕೆಲಸದವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸುವುದು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸುವುದು ಆಸ್ಪತ್ರೆಯ ಹೊಣೆ. ಸೂಜಿ ಚುಚ್ಚಿದರೆ ಸಾಬೂನು ನೀರಿನಿಂದ ತೊಳೆದು ತಕ್ಷಣ ಮೇಲಿನವರಿಗೆ ತಿಳಿಸಿ ಪುಸ್ತಕದಲ್ಲಿ ಬರೆಯಿಸಬೇಕು. ಎಚ್.ಐ.ವಿ. ತಡೆಯುವ ಔಷಧವನ್ನು ಎರಡು ಗಂಟೆಯೊಳಗೆ ಆರಂಭಿಸಿದರೆ ಉತ್ತಮ, 72 ಗಂಟೆ ಮೀರಬಾರದು, 28 ದಿನ ತೆಗೆದುಕೊಳ್ಳಬೇಕು. “ಪಾಳಿ ಮುಗಿದ ಮೇಲೆ ನೋಡೋಣ” ಎಂಬುದು ಇಲ್ಲಿ ಸಲ್ಲದು.

ಎರಡನೆಯದು ಭವಿಷ್ಯ ನಿಧಿ. ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಇದು ಕಡ್ಡಾಯ. 2014ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ 15,000 ರೂಪಾಯಿಯ ಮಿತಿಯ ಲೆಕ್ಕದಲ್ಲಿ ನೌಕರನ ಪಾಲು ಶೇಕಡಾ 12, ಅಂದರೆ 1,800 ರೂಪಾಯಿ, ಮಾಲಿಕನದೂ ಅಷ್ಟೇ. ಮಾಲಿಕನ ಪಾಲಿನಲ್ಲಿ 1,250 ರೂಪಾಯಿ ಪಿಂಚಣಿಗೆ ಹೋಗುತ್ತದೆ. ಹತ್ತು ವರ್ಷ ಸೇವೆಯಾದರೆ 58ನೆಯ ವಯಸ್ಸಿನಲ್ಲಿ ಪಿಂಚಣಿ. ಕಂತ್ರಾಟುದಾರ ಬದಲಾದಾಗಲೆಲ್ಲ ಹೊಸ ಖಾತೆ ತೆರೆದರೆ ಈ ಹತ್ತು ವರ್ಷ ಕೂಡುವುದೇ ಇಲ್ಲ. ಆದುದರಿಂದ ಒಂದೇ ಯು.ಎ.ಎನ್. ಅಂಕೆಯನ್ನು ಎಲ್ಲ ಕಡೆಗೂ ಕೊಡಿರಿ. ಮುರಿದುಕೊಂಡ ಹಣ ಕಟ್ಟಲಾಗಿದೆಯೇ ಎಂಬುದನ್ನು ಮೊಬೈಲಿನ ಉಮಂಗ್‌ನಲ್ಲಿ ತಿಂಗಳಿಗೊಮ್ಮೆ ನೋಡಿಕೊಳ್ಳಿರಿ.

ಮೂರನೆಯದು ಗ್ರಾಚ್ಯುಯಿಟಿ. 1972ರ ಕಾಯಿದೆಯಿಂದ ಬಂದುದು. ಕೊನೆಯ ತಿಂಗಳ ಪಗಾರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿರಿ. 18,200 ರೂಪಾಯಿ ಪಗಾರದ ದಾದಿಗೆ ವರ್ಷವೊಂದಕ್ಕೆ 10,500; ಹನ್ನೆರಡು ವರ್ಷಕ್ಕೆ 1,26,000 ರೂಪಾಯಿ. ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಆದರೆ ಹೊಸ ಸಂಹಿತೆಯಂತೆ ನಿಶ್ಚಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷವಾದರೂ ಸಾಕು. ಆಸ್ಪತ್ರೆಗಳಲ್ಲಿ ಇಂತಹ ನೇಮಕಗಳೇ ಹೆಚ್ಚಾದುದರಿಂದ ಇದು ಸಣ್ಣ ಮಾತಲ್ಲ.

ನಾಲ್ಕನೆಯದು ಹೆರಿಗೆಯ ಸವಲತ್ತು. 2017ರ ಏಪ್ರಿಲಿನಿಂದ ಮೊದಲ ಎರಡು ಮಕ್ಕಳಿಗೆ 26 ವಾರ, ಅನಂತರದ ಹೆರಿಗೆಗೆ 12 ವಾರ ಪಗಾರ ಸಹಿತ ರಜೆ. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಐವತ್ತು ಮಂದಿ ದುಡಿಯುವ ಕಡೆ ಶಿಶುಗೃಹವಿರಬೇಕು. ಊರಿನ ಹೆಂಗಸರ ಬಾಣಂತನ ಮಾಡುವ ದಾದಿ ತನ್ನ ಬಾಣಂತನಕ್ಕೆ ರಾಜೀನಾಮೆ ಕೊಡಬೇಕಾಗಿ ಬರುವುದು ನಾಚಿಕೆಗೇಡು.

ಸೋದರಿಯರೇ, ಇವೆಲ್ಲ ಹಣದ ಮಾತಾಯಿತು. ಹಣಕ್ಕಿಂತ ದೊಡ್ಡದು ಮಾನ ಮತ್ತು ಪ್ರಾಣ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಹಲ್ಲೆಯಾಯಿತು. ಪ್ರಜ್ಞೆ ಮರಳದೆ ಅವರು ಅದೇ ಆಸ್ಪತ್ರೆಯಲ್ಲಿಯೇ 2015ರ ಮೇ 18ರಂದು ತೀರಿಕೊಂಡರು. ನಲವತ್ತೊಂದು ವರ್ಷಕ್ಕೂ ಮಿಕ್ಕಿ, ಒಂದು ತಲೆಮಾರಿನ ನಂತರ ಮತ್ತೊಂದು ತಲೆಮಾರಿನ ದಾದಿಯರು ಅವರನ್ನು ಸ್ವಂತ ಅಕ್ಕನಂತೆ ನೋಡಿಕೊಂಡರು. ಆ ದಾದಿಯರಿಗೆ ನಾವು ತಲೆಬಾಗುತ್ತೇವೆ. ಆದರೆ 2024ರ ಆಗಸ್ಟ್ 9ರಂದು ಕಲಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಪಾಳಿಯ ಮೇಲಿದ್ದ ತರುಣ ವೈದ್ಯೆಯ ಕೊಲೆಯಾದಾಗ, ಐವತ್ತು ವರ್ಷಗಳಲ್ಲಿ ಏನನ್ನು ಕಲಿತೆವೆಂದು ದೇಶವೇ ಕೇಳಬೇಕಾಯಿತು. 2013ರ ಕಾಯಿದೆಯಂತೆ ಹತ್ತು ಮಂದಿ ದುಡಿಯುವ ಪ್ರತಿಯೊಂದು ಕಡೆಯೂ ಹೆಂಗಸರ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ಮಹಾರಾಷ್ಟ್ರದ 2010ರ ಕಾಯಿದೆಯು ಆಸ್ಪತ್ರೆಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನಿಲ್ಲದ ಅಪರಾಧವನ್ನಾಗಿ ಮಾಡಿದೆ. ನಿಮ್ಮ ಆಸ್ಪತ್ರೆಯ ಸಮಿತಿಯಲ್ಲಿ ಯಾರಿದ್ದಾರೆ? ರಾತ್ರಿ ಬಟ್ಟೆ ಬದಲಿಸುವ ಕೋಣೆಗೆ ಒಳಚಿಲಕ ಇದೆಯೇ? ದಾರಿಯಲ್ಲಿ ದೀಪ ಉರಿಯುತ್ತದೆಯೇ? ಇವನ್ನು ಕೇಳುವುದು ಉದ್ಧಟತನವಲ್ಲ.

ಇನ್ನು ನಮ್ಮ ಅರಿಕೆ ಇಷ್ಟೇ. ನೇಮಕಾತಿ ಪತ್ರವನ್ನು ಕೇಳಿ ಪಡೆಯಿರಿ. ಪಗಾರದ ಚೀಟಿಗಳನ್ನು ಎಸೆಯದೆ ಒಂದು ಚೀಲದಲ್ಲಿಡಿರಿ. ಇ.ಎಸ್.ಐ. ಅಂಕೆ, ಯು.ಎ.ಎನ್. ಅಂಕೆಗಳನ್ನು ಮನೆಯವರಿಗೂ ಬರೆದುಕೊಡಿರಿ. ವಾರಸುದಾರರ ಹೆಸರನ್ನು ಈಗಲೇ ನಮೂದಿಸಿರಿ. ಗಾಯವಾಗಲಿ, ಸೋಂಕಾಗಲಿ, ಅಂದೇ ಬರೆಹದಲ್ಲಿ ತಿಳಿಸಿ ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಕಂತ್ರಾಟುದಾರನು ಪಗಾರ ಕೊಡದೆ ಹೋದರೆ ಮುಖ್ಯ ಮಾಲಿಕನಾದ ಆಸ್ಪತ್ರೆಯೇ ಕೊಡಬೇಕೆಂಬುದನ್ನು ಮರೆಯದಿರಿ. ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿಯದಿದ್ದರೆ ಸಂಘಕ್ಕೆ ತನ್ನಿರಿ. ಓದಿ ಹೇಳುವವರು ಇಲ್ಲಿದ್ದಾರೆ.

ಹೋಟೆಲಿನ, ಗಿರಣಿಯ ಬಂಧುಗಳಲ್ಲಿಯೂ ಒಂದು ಮಾತು. ಇಂದು ರಾತ್ರಿ ಮನೆಗೆ ಹೋದೊಡನೆ ಆಸ್ಪತ್ರೆಯಲ್ಲಿ ದುಡಿಯುವ ಮಗಳನ್ನೋ ತಮ್ಮನನ್ನೋ ಕೂರಿಸಿಕೊಂಡು ಅವರ ಪಗಾರದ ಚೀಟಿಯನ್ನು ಒಟ್ಟಿಗೆ ಓದಿರಿ. ಅಳದಿದ್ದರೆ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ. ಅಳುವುದು ಬೇಡ, ಕೇಳುವುದನ್ನು ಕಲಿಯೋಣ. ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ.