ಆರ್ಮೇನಿಯಾ: ನೆಲದ ಪ್ರಶ್ನೆ, ನ್ಯಾಯದ ಪ್ರಶ್ನೆ

ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ, ಮದರಾಸಿನಲ್ಲಿ ನೆಲೆಸಿದ್ದ ಶಹಾಮಿರ್ ಶಹಾಮಿರಿಯಾನ್ ಎಂಬ ಆರ್ಮೇನಿಯನ್ ವ್ಯಾಪಾರಿ ಒಂದು ವಿಚಿತ್ರ ಪುಸ್ತಕವನ್ನು ಅಚ್ಚು ಹಾಕಿಸಿದ. ಅದು ಆರ್ಮೇನಿಯಾಕ್ಕೆ ಬರೆದ ಸಂವಿಧಾನ. ಆಗ ಆರ್ಮೇನಿಯಾ ಎಂಬ ಸ್ವತಂತ್ರ ರಾಜ್ಯವೇ ಇರಲಿಲ್ಲ. ಆ ನೆಲವನ್ನು ತುರ್ಕರೂ ಪರ್ಷಿಯನ್ನರೂ ಹಂಚಿಕೊಂಡು ಆಳುತ್ತಿದ್ದರು. ಆದರೂ ಜನ ಆರಿಸಿದ ಸಭೆಯೇ ಆಳಬೇಕು, ಆಳುವವನೂ ಕಾನೂನಿಗೆ ತಲೆಬಾಗಬೇಕು ಎಂಬುದು ಆತನ ಹಂಬಲವಾಗಿತ್ತು. ದೇಶ ಸಿಕ್ಕಿದ ಮಾತ್ರಕ್ಕೆ ನ್ಯಾಯ ಸಿಕ್ಕುವುದಿಲ್ಲ ಎಂಬುದು ಆರ್ಮೇನಿಯನ್ನರಿಗೆ ಅರಿವಾದದ್ದು 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾದ ಮೇಲೆ.

ಸ್ವಾತಂತ್ರ್ಯ ಬಂದದ್ದೇ ಕತ್ತಲೆಯಲ್ಲಿ. 1988ರ ಡಿಸೆಂಬರ್ 7ರ ಭೂಕಂಪ ಸುಮಾರು 25,000 ಜನರನ್ನು ಬಲಿ ತೆಗೆದುಕೊಂಡಿತ್ತು. ಅದರ ಭಯದಿಂದ ಮೆಟ್ಸಮೋರಿನ ಅಣು ವಿದ್ಯುತ್ ಸ್ಥಾವರವನ್ನು 1989ರಲ್ಲಿ ಮುಚ್ಚಲಾಯಿತು. ಅದೇ ಹೊತ್ತಿಗೆ, ಅಜರ್‌ಬೈಜಾನಿನ ಗಡಿಯೊಳಗಿದ್ದ, ಆರ್ಮೇನಿಯನ್ನರೇ ಹೆಚ್ಚಾಗಿದ್ದ ನಾಗೋರ್ನೊ ಕರಬಾಖ್ ಎಂಬ ಬೆಟ್ಟನಾಡಿಗಾಗಿ ಜಗಳ ಹತ್ತಿ ಯುದ್ಧವಾಯಿತು. ಅಜರ್‌ಬೈಜಾನ್ ರೈಲನ್ನೂ ಅನಿಲವನ್ನೂ ತಡೆಯಿತು; 1993ರಲ್ಲಿ ಟರ್ಕಿ ಗಡಿ ಮುಚ್ಚಿತು. ಹಿಮ ಬೀಳುವ ಊರಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಮಾತ್ರ ಕರೆಂಟು ಎಂದರೆ ಹೇಗಿರುತ್ತದೆ, ಯೋಚಿಸಿ ನೋಡಿ. ರಾಜಧಾನಿ ಯೆರೆವಾನಿನ ಜನ ಉದ್ಯಾನದ ಮರ ಕಡಿದರು, ಮನೆಯ ಕುರ್ಚಿ ಮೇಜು ಒಲೆಗಿಟ್ಟರು. ಸ್ಥಾವರದ ಒಂದು ಘಟಕ ಮತ್ತೆ ನಡೆಯತೊಡಗಿದ್ದು 1995ರಲ್ಲಿ. ಅಷ್ಟರೊಳಗೆ ಲಕ್ಷಾಂತರ ಮಂದಿ ರಷ್ಯಾಕ್ಕೋ ಅಮೆರಿಕಕ್ಕೋ ಗುಳೆ ಹೋಗಿದ್ದರು.

1994ರ ಕದನವಿರಾಮದ ಹೊತ್ತಿಗೆ ಕರಬಾಖ್ ಮತ್ತು ಸುತ್ತಲಿನ ಜಿಲ್ಲೆಗಳು ಆರ್ಮೇನಿಯನ್ನರ ಕೈಯಲ್ಲಿದ್ದವು. ಅಲ್ಲಿಂದ ಲಕ್ಷಾಂತರ ಅಜರ್‌ಬೈಜಾನಿಗಳು ಮನೆಮಠ ಬಿಟ್ಟು ಓಡಿದರು. ಗೆದ್ದವರ ಕಡೆ ಈ ಮಾತು ಆಡುವವರು ಕಡಿಮೆ. ಗೆಲುವಿಗೆ ಇನ್ನೊಂದು ಬೆಲೆಯೂ ಇತ್ತು. ಕರಬಾಖಿನಿಂದಲೇ ಬಂದ ರಾಬರ್ಟ್ ಕೊಚಾರಿಯಾನ್, ಆಮೇಲೆ ಸೆರ್ಜ್ ಸರ್ಗ್‌ಸ್ಯಾನ್ ಅಧ್ಯಕ್ಷರಾದರು. ಸಕ್ಕರೆಯಂಥ ಸಾಮಾನಿನ ಆಮದು ಕೂಡ ಬೆರಳೆಣಿಕೆಯವರ ಹಿಡಿತಕ್ಕೆ ಹೋಯಿತು. ಚುನಾವಣೆ ಸರಿಯಿಲ್ಲ, ಲಂಚ ಹೆಚ್ಚಾಗಿದೆ ಎಂದರೆ, ಶತ್ರು ಗಡಿಯಲ್ಲಿದ್ದಾನೆ, ಸುಮ್ಮನಿರಿ ಎಂಬ ಉತ್ತರ ಸಿದ್ಧವಾಗಿತ್ತು. 2008ರ ಮಾರ್ಚ್ 1ರಂದು ಬೀದಿಗಿಳಿದವರ ಮೇಲೆ ಬಲ ಪ್ರಯೋಗವಾಗಿ 10 ಜನ ಸತ್ತರು.

ಸರ್ಗ್‌ಸ್ಯಾನ್ ಎರಡು ಅವಧಿ ಮುಗಿಸಿದ ಮೇಲೂ ಕುರ್ಚಿ ಬಿಡಲಿಲ್ಲ. 2015ರಲ್ಲಿ ಸಂವಿಧಾನ ಬದಲಾಯಿಸಿ, ಅಧ್ಯಕ್ಷರ ಅಧಿಕಾರವನ್ನು ಪ್ರಧಾನಿಗೆ ಕೊಡಿಸಿ, 2018ರ ಏಪ್ರಿಲ್ 17ರಂದು ತಾವೇ ಪ್ರಧಾನಿಯಾದರು. ಅದಕ್ಕೆ ಎರಡು ವಾರ ಮೊದಲೇ ನಿಕೋಲ್ ಪಶಿನ್ಯಾನ್ ಎಂಬ ಹಳೆಯ ಪತ್ರಕರ್ತ ಗ್ಯುಮ್ರಿಯಿಂದ ಯೆರೆವಾನಿಗೆ ನಡೆದುಕೊಂಡು ಹೊರಟಿದ್ದರು. ಹುಡುಗರು ರಸ್ತೆಯಲ್ಲಿ ಕೂತರು, ತಾಯಂದಿರು ಮಕ್ಕಳ ಗಾಡಿಗಳನ್ನು ಅಡ್ಡ ನಿಲ್ಲಿಸಿದರು, ರಾತ್ರಿ ಕಿಟಕಿಗಳಲ್ಲಿ ಪಾತ್ರೆ ಪಡಗಗಳು ಸದ್ದು ಮಾಡಿದವು. ಏಪ್ರಿಲ್ 23ರಂದು ಸೈನಿಕರೂ ಆಯುಧವಿಲ್ಲದೆ ಮೆರವಣಿಗೆಗೆ ಸೇರಿದಾಗ ಸರ್ಗ್‌ಸ್ಯಾನ್ ರಾಜೀನಾಮೆ ಕೊಟ್ಟರು. ಒಂದು ಹೆಣವೂ ಬೀಳಲಿಲ್ಲ.

ಆದರೆ ಗಡಿಯ ಶತ್ರು ಬರೀ ನೆಪವಾಗಿರಲಿಲ್ಲ. 2020ರ 44 ದಿನಗಳ ಯುದ್ಧದಲ್ಲಿ ಆರ್ಮೇನಿಯನ್ನರ ಕಡೆ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಡ್ಡಾಯ ಸೈನ್ಯಸೇವೆಯಲ್ಲಿದ್ದ ಹದಿನೆಂಟು ಇಪ್ಪತ್ತರ ಹುಡುಗರೇ ಬಹಳ. ಸೋಲಿನ ರಾತ್ರಿ ಉದ್ರಿಕ್ತ ಗುಂಪು ಸಂಸತ್ತಿಗೆ ನುಗ್ಗಿತು. ಅಷ್ಟಾದರೂ 2021ರ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಿದ್ದದ್ದು ಪಶಿನ್ಯಾನರ ಪಕ್ಷಕ್ಕೇ. ಸೋತವನ ಮೇಲಿನ ಪ್ರೀತಿಗಿಂತ ಹಳಬರು ಮರಳಿ ಬಂದಾರೆಂಬ ಅಂಜಿಕೆಯೇ ಇದಕ್ಕೆ ಕಾರಣವೆನ್ನಬೇಕು.

2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನ್ ಮತ್ತೆ ದಾಳಿ ಮಾಡಿದಾಗ, ಸುಮಾರು ಒಂದು ವಾರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕರಬಾಖ್ ಬಿಟ್ಟು, 30 ಲಕ್ಷ ಜನಸಂಖ್ಯೆಯ ಆರ್ಮೇನಿಯಾಕ್ಕೆ ಬಂದರು. ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಆರ್ಮೇನಿಯಾದ್ದೇ ಪಾಸ್‌ಪೋರ್ಟ್ ಇತ್ತು. ಸರ್ಕಾರ ಅದನ್ನು ಪ್ರಯಾಣದ ಪತ್ರವೆಂದಷ್ಟೇ ಎಣಿಸಿ, ಅವರನ್ನು ತಾತ್ಕಾಲಿಕ ರಕ್ಷಣೆಯ ನಿರಾಶ್ರಿತರೆಂದು ಬರೆದುಕೊಂಡಿತು. ಪ್ರಜೆಗಳಾಗಿ ಮತ ಹಾಕಬೇಕಾದರೆ ಅವರು ಪೌರತ್ವಕ್ಕೆ ಬೇರೆಯೇ ಅರ್ಜಿ ಹಾಕಬೇಕಾಯಿತು.